ಕಾನೂನು ಪ್ರಶ್ನೋತ್ತರ: ವಾಪಸಾದ ಚೆಕ್ಕು, ತವರಿನ ಪಾಲು, ಕೈಗೆ ಬಾರದ ಗ್ರಾಚ್ಯುಟಿ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನು ಆರಿಸಿದ್ದೇವೆ. ಹೆಸರು, ಸರ್ವೆ ನಂಬರು ತೆಗೆದಿದ್ದೇವೆ. ಉತ್ತರಗಳೆಲ್ಲ ಪತ್ರದಲ್ಲಿ ಬರೆದಿರುವಷ್ಟನ್ನೇ ನಂಬಿ ಕೊಟ್ಟಿದ್ದು. ನಿಮ್ಮ ಕಾಗದಪತ್ರ ನೋಡಿದ ವಕೀಲರು ಬೇರೆ ಹೇಳಿದರೆ ಅವರ ಮಾತು ಕೇಳಿ.

ಪ್ರಶ್ನೆ: ನಾನು ಸಣ್ಣ ಬೆಳೆಗಾರ. ಚಿಕ್ಕಮಗಳೂರಿನ ವ್ಯಾಪಾರಿಯೊಬ್ಬರಿಗೆ 60 ಮೂಟೆ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಕೊಟ್ಟೆ. ಅವರ ಕಡೆಯವರೇ ಕಣಕ್ಕೆ ಬಂದು ತೂಕ ಹಾಕಿ, ಸ್ಯಾಂಪಲ್ ತೆಗೆದು, ಔಟ್‌ಟರ್ನ್ (ಚೆರಿಯಿಂದ ಸಿಗುವ ಕಾಳಿನ ಪ್ರಮಾಣ) ನೋಡಿ ರೇಟು ಕಟ್ಟಿದರು. 6 ಲಕ್ಷಕ್ಕೆ ಫೆಬ್ರವರಿ 20ರ ತಾರೀಖಿನ ಚೆಕ್ ಕೊಟ್ಟರು. ಮಾರ್ಚ್ 10ಕ್ಕೆ ‘ಪೇಮೆಂಟ್ ಸ್ಟಾಪ್ಡ್ ಬೈ ಡ್ರಾಯರ್’ ಅಂತ ಮೆಮೊ ಸಮೇತ ವಾಪಸಾಯಿತು. ಕೇಳಿದರೆ, “ಔಟ್‌ಟರ್ನ್ ಕಮ್ಮಿ ಬಂತು, ಯುಗಾದಿ ಕಳೀಲಿ, ಕೂತು ಮಾತಾಡೋಣ” ಅಂತಾರೆ. ಖಾತೇಲಿ ದುಡ್ಡಿಲ್ಲದೆ ವಾಪಸಾದರೆ ಮಾತ್ರ ಕೇಸು, ಸ್ಟಾಪ್ ಪೇಮೆಂಟ್‌ಗೆ ಇಲ್ಲ ಅಂತ ಪರಿಚಯದವರು ಹೇಳ್ತಾರೆ. ನಿಜವೇ?
—ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಜವಲ್ಲ. ಬ್ಯಾಂಕಿಗೆ ಹೇಳಿ ಪಾವತಿ ತಡೆಸಿದರೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅನ್ವಯಿಸುತ್ತದೆ. ಸಾಲ ಇಲ್ಲವೇ ಬಾಕಿ ತೀರಿಸಲೆಂದೇ ಚೆಕ್ ಕೊಟ್ಟಿದ್ದು ಎಂದು 139ನೇ ಕಲಂ ಪ್ರಕಾರ ನ್ಯಾಯಾಲಯ ಊಹಿಸಿಕೊಂಡು ಮುಂದುವರಿಯುತ್ತದೆ. ಹಾಗಲ್ಲ ಎಂದು ತೋರಿಸುವ ಹೊರೆ ವ್ಯಾಪಾರಿಯದು. ತಡೆಸಿದ ದಿನ ಖಾತೆಯಲ್ಲಿ ಸಾಕಷ್ಟು ಹಣವಿತ್ತು, ತಡೆಸಲು ಒಪ್ಪುವಂಥ ಕಾರಣವೂ ಇತ್ತು ಎಂದು ಅವರು ರುಜುವಾತು ಮಾಡಿದರೆ ಬಚಾವಾಗಬಹುದು. ‘ಔಟ್‌ಟರ್ನ್ ಕಮ್ಮಿ’ ಎನ್ನುವ ಮಾತಿಗೆ ಈಗಲೇ ಅಡಿಪಾಯ ಹಾಕುತ್ತಿರುವುದು ಅದಕ್ಕೇ ಇದ್ದೀತು.

‘ಯುಗಾದಿ ಕಳೀಲಿ’ ಎನ್ನುವುದನ್ನು ಮಾತ್ರ ಕೇಳಬೇಡಿ. ಈ ಕೇಸು ನಿಲ್ಲುವುದೂ ಬೀಳುವುದೂ ದಿನದ ಲೆಕ್ಕದ ಮೇಲೆ. ಮೆಮೊ ಕೈಸೇರಿದ್ದು ಮಾರ್ಚ್ 10. ಅಲ್ಲಿಂದ 30 ದಿನ, ಅಂದರೆ ಏಪ್ರಿಲ್ 9ರೊಳಗೆ, ಹಣ ಕೇಳಿ ಲಿಖಿತ ನೋಟಿಸ್ ಕಳಿಸಲೇಬೇಕು. ನೋಟಿಸ್ ಏಪ್ರಿಲ್ 8ಕ್ಕೆ ಅವರಿಗೆ ತಲುಪಿತು ಎಂದುಕೊಳ್ಳಿ. ಕೊಡಲು ಅವರಿಗೆ 15 ದಿನ, ಏಪ್ರಿಲ್ 23ರವರೆಗೆ. ಅಷ್ಟರಲ್ಲಿ ಕೊಡದಿದ್ದರೆ 24ರಿಂದ ನಿಮಗೆ ದೂರು ಹಾಕುವ ಹಕ್ಕು ಹುಟ್ಟುತ್ತದೆ, ಅದಕ್ಕೆ ಒಂದು ತಿಂಗಳ ಗಡುವು. ಮೇ 23 ದಾಟಿಸಬೇಡಿ. ಕೋಪದಲ್ಲಿ 15 ದಿನ ಮುಗಿಯುವ ಮೊದಲೇ ಹಾಕಿದ ದೂರೂ ನಿಲ್ಲುವುದಿಲ್ಲ. ದೂರು ನಾಲ್ಕು ದಿನ ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಿಕೊಳ್ಳಬಹುದು, ಆದರೆ ನೋಟಿಸ್ ತಡವಾದರೆ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕೇ ಇಲ್ಲ. ಅಕಸ್ಮಾತ್ ಆ 30 ದಿನ ಕೈತಪ್ಪಿದ್ದರೆ ಒಂದು ದಾರಿ ಉಂಟು. ಚೆಕ್ಕಿನ ಆಯುಷ್ಯ ಅದರ ತಾರೀಖಿನಿಂದ ಮೂರು ತಿಂಗಳು. ನಿಮ್ಮದನ್ನು ಮೇ 19ರೊಳಗೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸಾದರೆ ಹೊಸ ಮೆಮೊದಿಂದ ಹೊಸ 30 ದಿನ.

ನೋಟಿಸಿನಲ್ಲಿ ಚೆಕ್ ನಂಬರು, ತಾರೀಖು, ಬ್ಯಾಂಕು, ಮೆಮೊದಲ್ಲಿರುವ ಕಾರಣ, ಯಾವ ಮಾಲಿಗೆ ಕೊಟ್ಟ ಚೆಕ್ ಎಂಬುದೆಲ್ಲ ಇರಲಿ. ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು, 6 ಲಕ್ಷ. ಬಡ್ಡಿ, ನೋಟಿಸ್ ಖರ್ಚು ಕೇಳುವುದಾದರೆ ಬೇರೆ ಸಾಲಿನಲ್ಲಿ ಬರೆಸಿ, ಅದರೊಳಗೆ ಸೇರಿಸಿ ಒಂದೇ ಅಂಕಿ ಮಾಡಬೇಡಿ. ನೋಟಿಸಿನ ಮೊತ್ತ ಚೆಕ್ಕಿನ ಮೊತ್ತಕ್ಕೆ ತಾಳೆಯಾಗದಿದ್ದರೆ ನೋಟಿಸೇ ಅಸಿಂಧು, ಟೈಪಿಂಗ್ ತಪ್ಪು ಎಂಬ ಸಮಜಾಯಿಷಿಯೂ ನಡೆಯದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗಾಗಿ ವಕೀಲರ ಆಫೀಸಿನಲ್ಲಿ ಟೈಪಾದ ಪ್ರತಿಯಲ್ಲಿ ಸೊನ್ನೆಗಳನ್ನು ನೀವೇ ಎಣಿಸಿ ನೋಡಿ. ನೋಂದಾಯಿತ ಸ್ಪೀಡ್ ಪೋಸ್ಟ್‌ನಲ್ಲಿ ಸರಿಯಾದ ವಿಳಾಸಕ್ಕೆ ಹೋಗಲಿ, ರಸೀದಿ ಜೋಪಾನವಾಗಿರಲಿ. ಅವರು ಲಕೋಟೆ ತೆಗೆದುಕೊಳ್ಳದೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ವಾಪಸು ಬಂದರೆ ಅದನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ. ನಿರಾಕರಿಸಿದರೂ ತಲುಪಿದ ಲೆಕ್ಕವೇ.

ಔಟ್‌ಟರ್ನ್ ತಕರಾರಿಗೆ ನಿಮ್ಮ ಬಲವಾದ ಉತ್ತರ ನಿಮ್ಮ ಪತ್ರದಲ್ಲೇ ಇದೆ: ಸ್ಯಾಂಪಲ್ ತೆಗೆದವರು ಅವರು, ರೇಟು ಕಟ್ಟಿದ್ದು ಆಮೇಲೆ. ಮಾಲು ಒಯ್ದು, ತಡಮಾಡದೆ ತಕರಾರು ಹೇಳದೆ ಇಟ್ಟುಕೊಂಡರೆ ಸರಕು ಮಾರಾಟ ಕಾಯ್ದೆ ಪ್ರಕಾರ ಮಾಲನ್ನು ಒಪ್ಪಿದಂತೆ. ತೂಕದ ಚೀಟಿ, ಲಾರಿ ಹೋದ ದಿನ, ರೇಟಿನ ಬಗ್ಗೆ ಬಂದ ವಾಟ್ಸ್ಆ್ಯಪ್ ಸಂದೇಶ ಎಲ್ಲ ಜೋಡಿಸಿಕೊಳ್ಳಿ. ವಾಟ್ಸ್ಆ್ಯಪ್ ಸಂದೇಶದ ಪ್ರಿಂಟ್ ಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ.

ದೂರು ಹಾಕುವುದು ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ. ಖಾತೆ ಮೂಡಿಗೆರೆಯಲ್ಲಿದ್ದರೆ ಅಲ್ಲೇ ಹಾಕಿ, ವ್ಯಾಪಾರಿಯ ಊರಿಗೆ ಅಲೆಯಬೇಕಿಲ್ಲ. ಆರೋಪ ಸಾಬೀತಾದರೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡೂ. ಅವರು ತಪ್ಪೊಪ್ಪದೆ ಕೇಸು ನಡೆಸುತ್ತೇನೆಂದರೆ ಮೊತ್ತದ 20%ರವರೆಗೆ ಮಧ್ಯಂತರ ಪರಿಹಾರ ಕೇಳಿ 143ಎ ಕಲಂ ಕೆಳಗೆ ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಇದೆಲ್ಲ ಕ್ರಿಮಿನಲ್ ದಾರಿ. ಹಣ ವಸೂಲಿಗೆ ಮೂರು ವರ್ಷದೊಳಗೆ ಸಿವಿಲ್ ದಾವೆ ಹಾಕುವ ಹಕ್ಕು ಬೇರೆಯೇ ಇದೆ.

ಕಾಫಿ ವ್ಯವಹಾರದಲ್ಲಿ ಮೇಲಿಂದ ಮೇಲೆ ಕಾಣುವ ಎಡವಟ್ಟು ಒಂದಿದೆ, ನಿಮ್ಮದಲ್ಲದಿದ್ದರೂ ಹೇಳಬೇಕು. 6 ಲಕ್ಷದ ಚೆಕ್ ಕೈಯಲ್ಲಿದ್ದಾಗಲೇ ವ್ಯಾಪಾರಿ ಒಂದು ಲಕ್ಷ ಫೋನ್‌ಪೇ ಮಾಡುತ್ತಾರೆ. ಬೆಳೆಗಾರ ಅದನ್ನೂ ಪಡೆದು 6 ಲಕ್ಷದ ಚೆಕ್ಕನ್ನೂ ಪೂರ್ತಿಗೆ ಹಾಕುತ್ತಾನೆ. ಬ್ಯಾಂಕಿಗೆ ಹಾಕಿದ ದಿನ ಬಾಕಿ ಇದ್ದದ್ದು 5 ಲಕ್ಷ, ಆದ್ದರಿಂದ 138 ಕೇಸು ಬಿದ್ದುಹೋಗುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಭಾಗಶಃ ಹಣ ಬಂದರೆ ಹಳೆ ಚೆಕ್ ಹಿಂದಿರುಗಿಸಿ, ಬಾಕಿಗೆ ಹೊಸ ಚೆಕ್ ಪಡೆಯಿರಿ.

ಪ್ರಶ್ನೆ: ನನ್ನ ಮದುವೆ 1990ರಲ್ಲಾಯಿತು, ಬೇಲೂರು ತಾಲ್ಲೂಕಿಗೆ ಕೊಟ್ಟರು. ತವರು ಸಕಲೇಶಪುರ ಕಡೆ. ಅಪ್ಪ 2001ರಲ್ಲಿ ತೀರಿಕೊಂಡರು, ಅವ್ವ 2016ರಲ್ಲಿ. ಅಜ್ಜನ ಕಾಲದ ಆರು ಎಕರೆ ತೋಟ, ಒಂದು ಮನೆ ಇದೆ. ಇಬ್ಬರು ಅಣ್ಣಂದಿರು 2003ರಲ್ಲೇ ಖಾತೆ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೆ. ಈಗ ಬೆಂಗಳೂರಿನ ಪಾರ್ಟಿಗೆ ಎರಡು ಎಕರೆ ಮಾರುವ ಮಾತಾಗಿದೆಯಂತೆ. ಕೇಳಿದರೆ “ಅಪ್ಪ 2005ಕ್ಕೆ ಮುಂಚೆನೇ ಸತ್ತಿದಾರೆ, ನಿಂಗೇನೂ ಬರಲ್ಲ. ಮದುವೇಲಿ ಕೊಟ್ಟಾಯ್ತಲ್ಲ” ಅಂತಾರೆ. ಏನು ಮಾಡಲಿ?
—ಹೆಸರು ಬೇಡ, ಬೇಲೂರು

ಉತ್ತರ: ಅಪ್ಪ 2005ಕ್ಕೆ ಮುಂಚೆ ತೀರಿಕೊಂಡರೆ ಮಗಳಿಗೆ ಪಾಲಿಲ್ಲ ಎಂಬ ವಾದ 2020ರ ಆಗಸ್ಟ್ 11ಕ್ಕೆ ಮುಗಿದ ಕತೆ. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಮಗಳಿಗೆ ಪಾಲು ಹುಟ್ಟಿನಿಂದ ಬರುವ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ. 1990ರಲ್ಲಿ ಮದುವೆಯಾಗಿದ್ದು ಅಡ್ಡಿಯಲ್ಲ. ಮದುವೆ ಖರ್ಚು, ಒಡವೆ ಪಾಲಿಗೆ ವಜಾ ಆಗುವುದೂ ಇಲ್ಲ.

‘ಅದು ಅಪ್ಪನ ಸ್ವಂತ ಗಳಿಕೆ, ಪಿತ್ರಾರ್ಜಿತ ಅಲ್ಲ’ ಎಂದು ಮುಂದೆ ಅವರು ತಿರುಗಿಸಿ ಹೇಳಬಹುದು. ಹೇಳಲಿ ಬಿಡಿ. ಸ್ವಯಾರ್ಜಿತವೇ ಆಗಿದ್ದು, ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೂ ಹೆಂಡತಿ ಮಕ್ಕಳೆಲ್ಲ ಸಮಾನ ವಾರಸುದಾರರು. ಅವ್ವನೂ ಉಯಿಲಿಲ್ಲದೆ ಹೋಗಿದ್ದರೆ ಎರಡೂ ದಾರಿಯಲ್ಲಿ ಬಂದು ನಿಲ್ಲುವುದು ಅಲ್ಲಿಗೇ, ನಿಮಗೆ ಮೂರರಲ್ಲಿ ಒಂದು. ಉಯಿಲು ಇದೆಯೇ ಎಂಬುದನ್ನು ಮಾತ್ರ ಮೊದಲು ಖಾತ್ರಿ ಮಾಡಿಕೊಳ್ಳಿ.

ನಿಮಗೆ ನಿಜವಾಗಿ ತೊಡಕಾಗಬಹುದಾದದ್ದು ಆ 2003ರ ಖಾತೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗವನ್ನು, ಮಾರಾಟವನ್ನು ಕಾನೂನು ಮುಟ್ಟುವುದಿಲ್ಲ. ಹಾಗಾಗಿ ಪಹಣಿ ತೆಗೆಸಿ 9 ಮತ್ತು 10ನೇ ಕಾಲಂ ನೋಡಿ. 9ರಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು ಎಂದು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರಿನ ಸಮೇತ ಇರುತ್ತದೆ. ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ 2003ರ ಮ್ಯುಟೇಷನ್ ಕಡತದ ದೃಢೀಕೃತ ನಕಲು ಕೇಳಿ. ಒಳಗೆ ‘ಪೌತಿ’ ಎಂದಿದ್ದರೆ ನಿಮಗೆ ಅನುಕೂಲ. ಅಪ್ಪ ತೀರಿಕೊಂಡರೆಂದು ಹೆಸರು ಬದಲಾಯಿತೇ ಹೊರತು ಪಾಲಾಗಲಿಲ್ಲ. ‘ವಿಭಾಗ’ ಎಂದಿದ್ದರೆ ಯಾವ ಪತ್ರದ ಮೇಲೆ ಎಂದು ನೋಡಬೇಕು. ನೋಂದಾಯಿತ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ ಕಷ್ಟ. ಬಿಳಿ ಹಾಳೆಯ ಪಾಲುಪಾರಿಕತ್ತು, ಬಾಯಿಮಾತಿನ ಪಾಲು ಇವನ್ನು ನ್ಯಾಯಾಲಯ ಸುಲಭಕ್ಕೆ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಗಳ ಬಲವಾದ ಆಧಾರವಿದ್ದರೆ ಅಪರೂಪಕ್ಕೆ ಒಪ್ಪಬಹುದು. ಅದೇ ಕಡತದಲ್ಲಿರುವ ವಂಶವೃಕ್ಷವನ್ನೂ ಬಿಡಬೇಡಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆಸಿದ ವಂಶವೃಕ್ಷಗಳಿಗೆ ನಮ್ಮಲ್ಲಿ ಬರವಿಲ್ಲ. ನಿಮ್ಮ ಹೆಸರು ಇಲ್ಲದಿದ್ದರೆ ದಾವೆಯಲ್ಲಿ ಅದೇ ಒಳ್ಳೆಯ ಸಾಕ್ಷಿ.

ನೀವೇ ಎಲ್ಲಾದರೂ ಸಹಿ ಮಾಡಿದ್ದೀರಾ ನೆನಪು ಮಾಡಿಕೊಳ್ಳಿ. ‘ಖಾತೆಗೆ ಒಪ್ಪಿಗೆ’ ಎಂದು ಹಾಳೆಯ ಮೇಲೆ ಹಾಕಿಸಿಕೊಂಡ ಸಹಿಯಿಂದ ಸ್ಥಿರಾಸ್ತಿಯ ಹಕ್ಕು ಬಿಟ್ಟುಹೋಗುವುದಿಲ್ಲ, ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿದ್ದರೆ ಮಾತು ಬೇರೆ. ಮೋಸದಿಂದ ಆಗಿದೆ ಎಂದಾದರೆ, ಗೊತ್ತಾದ ಮೂರು ವರ್ಷದೊಳಗೆ ರದ್ದತಿ ಕೇಳಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪತ್ರ ತೆಗೆಸಿದರೆ ಅಂಥದ್ದೇನಾದರೂ ಇದ್ದರೆ ಕಾಣುತ್ತದೆ. ಮಾರಾಟದ ಕರಾರು ನೋಂದಣಿಯಾಗಿದ್ದರೆ ಅದೂ ಅಲ್ಲೇ ಸಿಗುತ್ತದೆ.

ಮಾರಾಟ ತಡೆಯಲು ಸಬ್ ರಿಜಿಸ್ಟ್ರಾರ್‌ಗೆ ತಕರಾರು ಅರ್ಜಿ ಕೊಟ್ಟು ಕೂತರೆ ಆಗದು, ನ್ಯಾಯಾಲಯದ ಆದೇಶವಿಲ್ಲದೆ ಅವರು ನೋಂದಣಿ ನಿಲ್ಲಿಸುವುದಿಲ್ಲ. ಜಮೀನಿರುವ ಸಕಲೇಶಪುರದಲ್ಲಿ ವಿಭಾಗದ ದಾವೆ ಹಾಕಿ, ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಕೊಡಿ. ದಾವೆ ಬಿದ್ದ ಮೇಲೆ ಮಾರಿದರೂ ಕೊಂಡವರು ತೀರ್ಪಿಗೆ ಬದ್ಧರು. ತೋಟದ ಜೊತೆ ಮನೆ, ಬೇರೆ ಸರ್ವೆ ನಂಬರು ಏನಿದ್ದರೂ ಎಲ್ಲವನ್ನೂ ಒಂದೇ ದಾವೆಯಲ್ಲಿ ಸೇರಿಸಬೇಕು. ಒಂದನ್ನು ಬಿಟ್ಟರೆ ‘ಭಾಗಶಃ ವಿಭಾಗ’ ಎಂದು ಎದುರಿನವರು ದಾವೆಯನ್ನೇ ಅಲ್ಲಾಡಿಸುತ್ತಾರೆ. ಖರ್ಚಿಗೆ ಹೆದರಬೇಡಿ. ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಎಂದು ಕೇಳುವ ವಿಭಾಗದ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಫೀ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದು ನೀವೇ ಬರೆದುಕೊಂಡರೆ ಮಾತ್ರ ಪಾಲಿನ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ದಾವೆಯ ಒಂದು ವಾಕ್ಯದ ಮೇಲೆ ಸಾವಿರಾರು ರೂಪಾಯಿ ಹೆಚ್ಚು ಕಮ್ಮಿಯಾಗುತ್ತದೆ, ಓದಿಯೇ ಸಹಿ ಹಾಕಿ. ‘ನಿನಗೇನೂ ಇಲ್ಲ’ ಎಂದು ಹೊರಗಿಟ್ಟಿದ್ದು ತಿಳಿದ ದಿನದಿಂದ 12 ವರ್ಷದ ಗಡುವು ಓಡುತ್ತದೆ, ಅದನ್ನೂ ವಕೀಲರಿಗೆ ಹೇಳಿ.

ಅಷ್ಟರೊಳಗೆ ಮಾರಾಟ ನೋಂದಣಿಯಾಗಿಬಿಟ್ಟರೆ, ಖಾತೆ ಬದಲಾವಣೆಯ ನೋಟಿಸಿನ ಗಡುವಿನೊಳಗೆ, ತಡಮಾಡದೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆಯಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ ನಿಜ. ಆದರೂ ಬ್ಯಾಂಕು, ಮುಂದಿನ ಖರೀದಿದಾರ ನೋಡುವುದು ಅದನ್ನೇ.

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕ) ಒಂದರಲ್ಲಿ 2013ರ ಅಕ್ಟೋಬರ್‌ನಿಂದ 2025ರ ಮೇ 31ರವರೆಗೆ ಕೆಲಸ ಮಾಡಿ ನಿವೃತ್ತನಾದೆ. ಕೊನೆಯ ತಿಂಗಳು ಬೇಸಿಕ್, ಡಿಎ ಸೇರಿ 15,600 ಇತ್ತು. ಗ್ರಾಚ್ಯುಟಿ ಕೇಳಿದರೆ “ಪಿಎಫ್ ಬಂದಿದೆಯಲ್ಲ, ಅಲ್ಲದೆ ಪ್ರತಿ ಮಳೆಗಾಲ ಎರಡು ತಿಂಗಳು ನಿಮಗೆ ಬ್ರೇಕ್ ಇತ್ತು” ಅಂತಾರೆ.
—ನಿವೃತ್ತ ಕಾರ್ಮಿಕ, ಚಿಕ್ಕಮಗಳೂರು

ಉತ್ತರ: ಪಿಎಫ್ ಬೇರೆ, ಗ್ರಾಚ್ಯುಟಿ ಬೇರೆ. ಒಂದು ಬಂತೆಂದು ಇನ್ನೊಂದು ತಪ್ಪುವುದಿಲ್ಲ. ನೀವು ನಿವೃತ್ತರಾದದ್ದು ಮೇ 2025ರಲ್ಲಿ, ಆದ್ದರಿಂದ 1972ರ ಗ್ರಾಚ್ಯುಟಿ ಕಾಯ್ದೆಯೇ ನಿಮಗೆ ಅನ್ವಯ. ಲೆಕ್ಕ ಹೀಗೆ: ಕೊನೆಯ ಬೇಸಿಕ್ ಮತ್ತು ಡಿಎ 15,600ನ್ನು 26ರಿಂದ ಭಾಗಿಸಿದರೆ 600, ಅದು ದಿನದ ಕೂಲಿ. ವರ್ಷಕ್ಕೆ 15 ದಿನದಂತೆ 9,000. ಸೇವೆ 11 ವರ್ಷದ ಮೇಲೆ ಆರು ತಿಂಗಳು ಮೀರಿದೆ, ಹಾಗಾಗಿ 12 ವರ್ಷ ಎಂದೇ ಲೆಕ್ಕ. ಒಟ್ಟು 1,08,000 ರೂಪಾಯಿ. 30ರಿಂದ ಭಾಗಿಸಿ ಲೆಕ್ಕ ಕೊಟ್ಟರೆ ಒಪ್ಪಬೇಡಿ, ಹಾಗೆ ಮಾಡಿದರೆ ನಿಮಗೆ 14,400 ಖೋತಾ.

ಬ್ರೇಕಿನ ವಾದಕ್ಕೆ ಬರೋಣ. 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ನಿರಂತರ ಸೇವೆಯೇ. ಎರಡು ತಿಂಗಳ ಬಿಡುವು ಕಳೆದರೂ ವಾರದ ರಜೆ ಹೊರತುಪಡಿಸಿ 260 ದಿನದ ಹತ್ತಿರ ಉಳಿಯುತ್ತದೆ. ಸಂಬಳ ಸಹಿತ ರಜೆ, ಲೇ-ಆಫ್ ದಿನಗಳೂ ಇದಕ್ಕೆ ಸೇರುತ್ತವೆ. ಅದಲ್ಲದೆ ಕಾರ್ಮಿಕನ ತಪ್ಪಿಲ್ಲದೆ ಕೆಲಸ ನಿಂತಿದ್ದನ್ನು ಸೇವೆಯ ತುಂಡು ಎಂದು ಕಾನೂನು ಎಣಿಸುವುದಿಲ್ಲ. ಎಚ್ಚರ ಬೇಕಾದ್ದು ಒಂದೇ ಕಡೆ. ‘ಸೀಸನ್ ಕಾರ್ಖಾನೆ, ನೀವು ಸೀಸನ್ ಕಾರ್ಮಿಕ’ ಎಂದು ಅವರು ತೋರಿಸಿಬಿಟ್ಟರೆ ಪ್ರತಿ ಸೀಸನ್‌ಗೆ 7 ದಿನದ ಕೂಲಿಯಷ್ಟೇ ಸಿಗುವುದು. ವರ್ಷದಲ್ಲಿ ಹತ್ತು ತಿಂಗಳು ಪಿಎಫ್ ಕಟ್ಟಿರುವ ಪಾಸ್‌ಬುಕ್ ಆ ಮಾತಿಗೆ ತಕ್ಕ ಉತ್ತರ. ಯುಎಎನ್ (ನಿಮ್ಮ ಪಿಎಫ್ ನಂಬರು) ಹಾಕಿ ತಿಂಗಳವಾರು ಪಾಸ್‌ಬುಕ್ ಪ್ರಿಂಟ್ ತೆಗೆಸಿ. ಮೊಬೈಲ್ ನಂಬರು ಜೋಡಣೆಯಾಗಿಲ್ಲ ಎಂದು ಬಾರದಿದ್ದರೆ ಚಿಕ್ಕಮಗಳೂರಿನಲ್ಲೇ ಪಿಎಫ್ ಕಚೇರಿ ಇದೆ.

ಮಾಲೀಕರಿಗೆ ನಮೂನೆ ‘ಐ’ನಲ್ಲಿ ಅರ್ಜಿಯನ್ನು ನೋಂದಾಯಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನಿವೃತ್ತಿಯಾದ 30 ದಿನದಲ್ಲಿ ಕೊಡಬೇಕಿತ್ತು, ತಡವಾಯಿತೆಂದು ತಿರಸ್ಕರಿಸುವಂತಿಲ್ಲ. ಕಾರಣ ಬರೆಯಿರಿ. ಉತ್ತರ ಬಾರದಿದ್ದರೆ ಇಲ್ಲವೇ ನಿರಾಕರಿಸಿದರೆ ಕಾರ್ಮಿಕ ಇಲಾಖೆಯ ನಿಯಂತ್ರಣಾಧಿಕಾರಿಗೆ ನಮೂನೆ ‘ಎನ್’ನಲ್ಲಿ ಅರ್ಜಿ, ಅದಕ್ಕೆ 90 ದಿನ. ತಡಕ್ಕೆ ವರ್ಷಕ್ಕೆ 10% ಸರಳ ಬಡ್ಡಿ ಕೇಳಿ, ನಿಮ್ಮ ಮೊತ್ತಕ್ಕೆ ತಿಂಗಳಿಗೆ 900 ರೂಪಾಯಿ. ಆದೇಶ ನಿಮ್ಮ ಪರ ಬಂದ ಮೇಲೆ ಮಾಲೀಕರು ಮೇಲ್ಮನವಿ ಹೋಗಬೇಕಾದರೂ ಪೂರ್ತಿ ಮೊತ್ತ ಠೇವಣಿ ಇಡಬೇಕು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಆಮೇಲೆ ಕೆಲಸ ಬಿಟ್ಟವರಿಗೂ 15/26ರ ಸೂತ್ರ ಅದೇ. ಆದರೆ ಭತ್ಯೆಗಳನ್ನು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿಗೆ ಏರಿಸಿ ಬೇಸಿಕ್ ಸಣ್ಣದು ಮಾಡುವ ಹಳೆ ಉಪಾಯ ನಡೆಯದು, ಹೆಚ್ಚಾದದ್ದು ಕೂಲಿಗೇ ಸೇರುತ್ತದೆ. ನಿಗದಿತ ಅವಧಿಯ ಕರಾರಿನ ಮೇಲೆ ಇರುವವರಿಗೆ ಐದು ವರ್ಷದ ಬದಲು ಒಂದೇ ವರ್ಷ ಸಾಕು.

ಪ್ರಶ್ನೆ: ಹಾಸನದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸೇರಿ 11 ತಿಂಗಳು, ಸಂಬಳ 13,500, ಇಎಸ್ಐ ಹಿಡಿಯುತ್ತಾರೆ. ಐದು ತಿಂಗಳ ಬಸುರಿ. ಸೂಪರ್‌ವೈಸರ್ “ರಾಜೀನಾಮೆ ಕೊಟ್ಟು ಹೋಗಿ, ಮಗು ಆದ್ಮೇಲೆ ಮತ್ತೆ ತಗೋತೀವಿ” ಅಂತಾರೆ.
—ಹಾಸನ

ಉತ್ತರ: ಕೊಡಬೇಡಿ. ಸಹಿ ಹಾಕಿದ ರಾಜೀನಾಮೆಯನ್ನು ಆಮೇಲೆ ‘ಬಲವಂತ’ ಎಂದು ತೋರಿಸುವುದು ತುಂಬಾ ಕಷ್ಟ. ಹೆರಿಗೆಗೆ ಹಿಂದಿನ ಎರಡು ಕೊಡುಗೆ ಅವಧಿಗಳಲ್ಲಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) ಒಟ್ಟು 70 ದಿನ ಇಎಸ್ಐ ಕಟ್ಟಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಕೂಲಿ ಸಿಗುತ್ತದೆ. ಕೊಡುವುದು ಇಎಸ್ಐ ನಿಗಮ, ಕಂಪನಿಯ ಗಲ್ಲಾದಿಂದ ಒಂದು ಪೈಸೆ ಹೋಗದು. ಆದ್ದರಿಂದ ಮ್ಯಾನೇಜರ್ ಹತ್ತಿರ ಅದನ್ನೇ ಹೇಳಿ. ಹೆರಿಗೆಗೆ ಎಂಟು ವಾರ ಮೊದಲಿನಿಂದ ರಜೆ ಹಾಕಬಹುದು. ಇಎಸ್ಐ ಆಸ್ಪತ್ರೆಯಲ್ಲೋ ಡಿಸ್ಪೆನ್ಸರಿಯಲ್ಲೋ ಈಗಲೇ ತೋರಿಸಿ ದಾಖಲೆ ಮಾಡಿಸಿ. ರಜೆ ಪತ್ರಕ್ಕೆ ಸ್ವೀಕೃತಿ ಇರಲಿ. ಹೆರಿಗೆ ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆದರೆ ಆ ಆದೇಶಕ್ಕೆ ಬೆಲೆಯಿಲ್ಲ.

ಪ್ರಶ್ನೆ: ನಮ್ಮೆಜಮಾನರು ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಎರಡು ಮಕ್ಕಳ ಜೊತೆ ನಾನು ತವರಿನಲ್ಲಿದ್ದೇನೆ, ಒಂದು ವರ್ಷದಿಂದ ದುಡ್ಡು ಕಳಿಸಿಲ್ಲ. ಹಿರಿಯರು ಪಂಚಾಯ್ತಿ ಮಾಡಿ 100 ರೂಪಾಯಿ ಛಾಪಾ ಕಾಗದದಲ್ಲಿ “ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಇನ್ನು ಸಂಬಂಧವಿಲ್ಲ” ಅಂತ ಬರೆಸಿ ಸಹಿ ಹಾಕಿಸಿದರು. ಈಗ ಜೀವನಾಂಶ ಕೇಳಬಹುದಾ?
—ಅರಸೀಕೆರೆ

ಉತ್ತರ: ಆ ಕಾಗದದಿಂದ ವಿಚ್ಛೇದನ ಆಗಿಲ್ಲ. ಸಮುದಾಯದಲ್ಲಿ ತಲೆತಲಾಂತರದಿಂದ ಅಂಥ ರೂಢಿಯಿದೆ ಎಂದು ನ್ಯಾಯಾಲಯದಲ್ಲಿ ರುಜುವಾತಾದರೆ ಮಾತ್ರ ಪಂಚಾಯ್ತಿ ಬಿಡುಗಡೆಗೆ ಬೆಲೆ, ಇಲ್ಲವಾದರೆ ನೀವಿಬ್ಬರೂ ಈಗಲೂ ಗಂಡ ಹೆಂಡತಿಯೇ. ಈ ನಡುವೆ ಅವರು ಇನ್ನೊಂದು ಮದುವೆಯಾದರೆ ಅದು ಅಸಿಂಧು, ಜೊತೆಗೆ ಅಪರಾಧ.

ಆದರೆ ಆ ಕಾಗದ ನಿಮಗೆ ಬೇರೆ ರೀತಿಯಲ್ಲಿ ಮುಳ್ಳಾಗಬಹುದು. ಹಿಂದಿನ ಸಿಆರ್‌ಪಿಸಿ 125ರ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಪ್ರಕಾರ, ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆಯಿದ್ದರೆ ಹೆಂಡತಿಗೆ ಜೀವನಾಂಶವಿಲ್ಲ. ‘ಇಬ್ಬರೂ ಒಪ್ಪಿ’ ಎಂಬ ಆ ಸಾಲನ್ನು ಎದುರಿನ ವಕೀಲರು ಹಿಡಿದೇ ಹಿಡಿಯುತ್ತಾರೆ. ಒತ್ತಡದಲ್ಲಿ ಸಹಿ ಹಾಕಿಸಿದ್ದು, ಅದಕ್ಕೂ ಮೊದಲೇ ದುಡ್ಡು ನಿಲ್ಲಿಸಿ ನಿರ್ಲಕ್ಷಿಸಿದ್ದು, ಇವನ್ನು ಅರ್ಜಿಯಲ್ಲೇ ತಾರೀಖು ಸಮೇತ ಬರೆಸಿ. ಅಡಗಿಸಿಟ್ಟರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಮಕ್ಕಳ ಜೀವನಾಂಶಕ್ಕೆ ಈ ಅಡ್ಡಿ ಇಲ್ಲವೇ ಇಲ್ಲ. ಅವರ ಹಕ್ಕನ್ನು ಅಪ್ಪ ಅಮ್ಮ ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಮೂವರಿಗೂ ಬೇರೆಬೇರೆ ಮೊತ್ತ ಕೇಳಿ.

ಬೆಂಗಳೂರಿಗೆ ಹೋಗಬೇಕಿಲ್ಲ, ನೀವು ಈಗ ವಾಸವಿರುವ ಕಡೆಯೇ ಹಾಕಬಹುದು. ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಖರ್ಚಿನ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಲೆಕ್ಕ. ನೀವು ಕಳೆದುಕೊಂಡ ಆ ಒಂದು ವರ್ಷ ಇದರಲ್ಲಿ ಬರುವುದಿಲ್ಲ, ಇನ್ನೂ ಕಾದಷ್ಟೂ ಅಷ್ಟು ಹೋಯಿತು. ಅವರು ಸಂಬಳ ಕಮ್ಮಿ ತೋರಿಸಿದರೆ ಕಂಪನಿಯಿಂದ ಸಂಬಳದ ಚೀಟಿ, ಬ್ಯಾಂಕ್ ವಿವರ ತರಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಕೊಡಿ. ಆದೇಶವಾದ ಮೇಲೂ ಕಟ್ಟದಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಮಕ್ಕಳ ಶಾಲೆ ಫೀ ರಸೀದಿ, ಔಷಧದ ಬಿಲ್ಲು ಈಗಿನಿಂದಲೇ ಒಂದು ಕಡೆ ಇಡಿ.

ವಕೀಲರ ಫೀ ಚಿಂತೆ ಬೇಡ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಿ, ಸಹಾಯವಾಣಿ 15100.

ಪ್ರಶ್ನೆ: ಸ್ನೇಹಿತನ ಜೊತೆ ಸೇರಿ ಕಾಫಿಪುಡಿ ವ್ಯಾಪಾರ ಮಾಡಿದೆ. ಪಾಲುದಾರಿಕೆ ಪತ್ರ ನೋಟರಿ ಮಾಡಿಸಿದ್ದೇವೆ. ಎರಡು ಹೋಟೆಲಿನವರು 1.8 ಲಕ್ಷ ಬಾಕಿ ಉಳಿಸಿದ್ದಾರೆ. ಇತ್ತ ಸ್ನೇಹಿತ ಲೆಕ್ಕ ಕೊಡುತ್ತಿಲ್ಲ, ಖಾತೆಯಿಂದ ಒಬ್ಬನೇ ಹಣ ತೆಗೆಯುತ್ತಾನೆ. ಇಬ್ಬರ ಮೇಲೂ ಕೇಸು ಹಾಕಬಹುದಾ?
—ಚಿಕ್ಕಮಗಳೂರು

ಉತ್ತರ: ಸ್ನೇಹಿತನ ಮೇಲೆ ಹಾಕಬಹುದು. ಹೋಟೆಲಿನವರ ಮೇಲೆ ಸದ್ಯಕ್ಕೆ ಆಗದು. ನೋಟರಿ ಮಾಡಿಸಿದ್ದು ನೋಂದಣಿಯಲ್ಲ. ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ದಾಖಲಾಗದ ಸಂಸ್ಥೆ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ ಎನ್ನುತ್ತದೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ. ಮೊದಲು ದಾವೆ ಹಾಕಿ ಆಮೇಲೆ ನೋಂದಣಿ ಮಾಡಿಸಿದರೂ ಸರಿಹೋಗದು, ದಾವೆ ಹಾಕುವ ದಿನಕ್ಕೆ ನೋಂದಣಿ ಆಗಿರಬೇಕು. ಬಾಕಿಗೆ ಮೂರು ವರ್ಷ ತುಂಬುವುದರೊಳಗೆ ನೋಂದಾಯಿಸಿ ಹಾಕಬಹುದು, ಅದಕ್ಕೆ ಸ್ನೇಹಿತನ ಸಹಿಯೂ ಬೇಕು. ಜಗಳ ಹೊರಗೆ ಬರುವ ಮೊದಲೇ ಆ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಪಾಲುದಾರಿಕೆ ಮುಗಿಸಿ ಲೆಕ್ಕ ಕೇಳುವ ದಾವೆಗೆ 69ನೇ ಕಲಂ ಅಡ್ಡಿಯಿಲ್ಲ. ಪತ್ರದಲ್ಲಿ ಅವಧಿ ಬರೆದಿಲ್ಲದಿದ್ದರೆ ನೀವೊಬ್ಬರೇ ಲಿಖಿತ ನೋಟಿಸ್ ಕೊಟ್ಟು ಸಂಸ್ಥೆಯನ್ನು ವಿಸರ್ಜಿಸಬಹುದು. ನೋಟಿಸಿನಲ್ಲಿ ಹೇಳಿದ ತಾರೀಖಿನಿಂದ ಅದು ಮುಗಿದಂತೆ, ಲೆಕ್ಕದ ದಾವೆಗೆ ಅಲ್ಲಿಂದ ಮೂರು ವರ್ಷ. ನೋಟಿಸ್ ಹೋಗುವ ದಿನವೇ ಬ್ಯಾಂಕಿಗೂ ಪತ್ರ ಕೊಟ್ಟು ಇಬ್ಬರ ಸಹಿಯಿಲ್ಲದೆ ಹಣ ಬಿಡಬೇಡಿ ಎಂದು ಕೇಳಿ. ಬಹಳ ಜನ ಮರೆಯುವುದು ಸಾರ್ವಜನಿಕ ಪ್ರಕಟಣೆಯನ್ನು. ರಾಜ್ಯಪತ್ರದಲ್ಲಿ ಮತ್ತು ಒಂದು ಕನ್ನಡ ಪತ್ರಿಕೆಯಲ್ಲಿ ವಿಸರ್ಜನೆ ಪ್ರಕಟವಾಗುವವರೆಗೆ ಸಂಸ್ಥೆಯ ಹೆಸರಲ್ಲಿ ಅವನು ಎತ್ತುವ ಸಾಲಕ್ಕೆ ನೀವೂ ಹೊಣೆ. ಜಿಎಸ್‌ಟಿ ನಂಬರಿದ್ದರೆ ಅದರ ರದ್ದತಿಯನ್ನೂ ಮರೆಯಬೇಡಿ.

ಪ್ರಶ್ನೆ: ಹಾಸನದಲ್ಲಿ 220 ಚದರಡಿಯ ಅಂಗಡಿ ಬಾಡಿಗೆಗಿದೆ. 11 ತಿಂಗಳ ಕರಾರು ಮುಗಿದು ನಾಲ್ಕು ವರ್ಷವಾಯಿತು, ಬಾಡಿಗೆ ಕೊಡುತ್ತಲೇ ಇದ್ದೇನೆ. ಈಗ ಮಾಲೀಕರು “ಭಾನುವಾರದೊಳಗೆ ಬಿಡಿ, ಇಲ್ಲ ಬೀಗ ಹಾಕ್ತೀನಿ” ಅಂತಾರೆ.
—ಹಾಸನ

ಉತ್ತರ: ಬಾಡಿಗೆ ಪಡೆಯುತ್ತಲೇ ಬಂದಿದ್ದರಿಂದ ನೀವು ತಿಂಗಳ ಬಾಡಿಗೆದಾರರು. ತೆರವಿಗೆ ಲಿಖಿತವಾಗಿ 15 ದಿನದ ನೋಟಿಸ್ ಬೇಕು, ಬಿಡದಿದ್ದರೆ ಅವರು ದಾವೆ ಹಾಕಬೇಕು, ಬೀಗ ಹಾಕುವಂತಿಲ್ಲ. ಬೀಗದ ಬೆದರಿಕೆ ನಿಜವೆನಿಸಿದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಿ. ಹಾಗೆಂದು ವರ್ಷಗಟ್ಟಲೆ ಕೂತಿರಬಹುದು ಎಂದುಕೊಳ್ಳಬೇಡಿ. 14 ಚದರ ಮೀಟರ್‌ಗಿಂತ ದೊಡ್ಡ ವಾಣಿಜ್ಯ ಜಾಗಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲ, ನಿಮ್ಮದು 20 ಮೀರುತ್ತದೆ. ಸರಿಯಾದ ನೋಟಿಸ್ ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಸಮಯದ ಚೌಕಾಸಿ ಮಾತ್ರ. ಮುಂಗಡ ವಾಪಸು ಕೊಡುವ ದಿನ, ಬೀಗದಕೈ ಒಪ್ಪಿಸುವ ದಿನ ಎರಡೂ ಒಂದೇ ಆಗಿರಲಿ ಎಂದು ಬರೆಸಿಕೊಳ್ಳಿ. ಅಲ್ಲಿಯವರೆಗೆ ಬಾಡಿಗೆಯನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕ ಕಳಿಸಿ. ಅವರು ವಾಪಸು ಕಳಿಸಿದರೆ ಮನಿ ಆರ್ಡರ್ ಮಾಡಿ ರಸೀದಿ ಇಟ್ಟುಕೊಳ್ಳಿ.